ಬೇಸ್‌ಬಾಲ್ ಕಾಮೆಂಟ್ರಿಯಲ್ಲಿ ತಮಾಷೆ ಎಷ್ಟಿರಬೇಕು?

ಓದುಗರ ಪ್ರಶ್ನೆ: ಅಮೆರಿಕಕ್ಕೆ ಬಂದ ಮೇಲೆ ಟಿವಿಯಲ್ಲಿ ಬೇಸ್‌ಬಾಲ್ ನೋಡುವುದು ರೂಢಿಯಾಗಿದೆ. ಆದರೆ ಇಲ್ಲಿನ ಕಾಮೆಂಟೇಟರ್‌ಗಳು ಆಟದ ಮಧ್ಯೆ ಊಟ, ಹವಾಮಾನ, ಹಳೇ ಕಥೆ ಅಂತ ಹರಟುತ್ತಾ ನಗುತ್ತಲೇ ಇರುತ್ತಾರೆ. ಕೆಲವು ಸಲ ಖುಷಿಯಾಗುತ್ತದೆ, ಕೆಲವು ಸಲ ರೇಗುತ್ತದೆ. ಇದಕ್ಕೆ ಮಿತಿ ಅನ್ನುವುದು ಇದೆಯೇ? ಮಕ್ಕಳ ಲಿಟಲ್ ಲೀಗ್ ಪಂದ್ಯಗಳನ್ನು ಲೈವ್ ಮಾಡುವಾಗ ನಾವೇ ಮಾತಾಡಬೇಕಾಗುತ್ತದೆ. ಆಗ ಎಷ್ಟು ತಮಾಷೆ ಮಾಡಬಹುದು?

ಉತ್ತರ: ಮಿತಿ ಇದೆ, ಅದನ್ನು ಸೆಕೆಂಡುಗಳಲ್ಲೇ ಅಳೆಯಬಹುದು. ಮುಂದಿನ ಎಸೆತಕ್ಕೆ ಎಷ್ಟು ಹೊತ್ತು ಉಳಿದಿದೆ, ಪಂದ್ಯ ಯಾವ ಘಟ್ಟದಲ್ಲಿದೆ, ನಗು ಯಾರ ಮೇಲೆ ಬೀಳುತ್ತಿದೆ ಎಂಬ ಮೂರು ಸಂಗತಿಗಳೇ ಎಲ್ಲವನ್ನೂ ನಿರ್ಧರಿಸುತ್ತವೆ.

2023ರಿಂದ ಇಲ್ಲಿನ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಪಿಚ್ ಕ್ಲಾಕ್, ಅಂದರೆ ಎಸೆತಗಳ ನಡುವೆ ಓಡುವ ಗಡಿಯಾರ, ಇದೆ. ಬೇಸ್‌ಗಳು (ಓಟಗಾರ ಮುಟ್ಟಬೇಕಾದ ನಿಲ್ದಾಣಗಳು) ಖಾಲಿ ಇದ್ದರೆ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, 15 ಸೆಕೆಂಡಿನೊಳಗೆ ಎಸೆಯಲು ಶುರುಮಾಡಬೇಕು. ಬೇಸ್ ಮೇಲೆ ಓಟಗಾರರಿದ್ದರೆ ಮೊದಲ ವರ್ಷ 20 ಸೆಕೆಂಡ್ ಇತ್ತು, 2024ರಿಂದ ಅದು 18. ಒಂದು ಎಸೆತ ಮುಗಿದ ಕೂಡಲೇ ಅದು ಬಾಲೋ (ಗುರಿ ತಪ್ಪಿದ ಎಸೆತ) ಸ್ಟ್ರೈಕೋ (ಬ್ಯಾಟರ್ ವಿರುದ್ಧ ಎಣಿಸುವ ಎಸೆತ), ಎಂಥ ಎಸೆತ ಎಂದು ಹೇಳುವುದರಲ್ಲಿ ಮೂರು-ನಾಲ್ಕು ಸೆಕೆಂಡ್ ಹೋಗುತ್ತದೆ. ಮುಂದಿನ ಎಸೆತಕ್ಕೆ ಎರಡು-ಮೂರು ಸೆಕೆಂಡ್ ಮುಂಚೆ ಮಾತು ಮತ್ತೆ ಆಟಕ್ಕೆ ಬಂದಿರಬೇಕು. ನಡುವೆ ಸಿಗುವುದು ಎಂಟು-ಹತ್ತು ಸೆಕೆಂಡ್. ಎರಡು ಚಿಕ್ಕ ವಾಕ್ಯ ಹಿಡಿಸುತ್ತದೆ, ಮೂರನೆಯದು ಹಿಡಿಸುವುದಿಲ್ಲ. ಒಳ್ಳೆಯ ಚಟಾಕಿಯೂ ಕೆಡುವುದು ಹೆಚ್ಚಾಗಿ ಇಲ್ಲೇ. ನಗಿಸುವ ಮಾತು ಬಾಯಿಗೆ ಬರುವಷ್ಟರಲ್ಲಿ ಬ್ಯಾಟಿಗೆ ಚೆಂಡು ತಗುಲಿರುತ್ತದೆ. ಫಾಸ್ಟ್‌ಬಾಲ್ ಪಿಚರ್ ಕೈಯಿಂದ ಬ್ಯಾಟರ್ ಮುಂದಿನ ಪ್ಲೇಟ್ ತಲುಪಲು ಸುಮಾರು 0.4 ಸೆಕೆಂಡ್ ಸಾಕು. ಅರ್ಧ ವಾಕ್ಯದಲ್ಲಿ ಸಿಕ್ಕಿಬಿದ್ದ ಕಾಮೆಂಟೇಟರ್ ಚೆಂಡು ಎತ್ತ ಹೋಯಿತೆಂದು ಹೇಳುವುದೂ ತಡ, ತಮಾಷೆಯೂ ಹಾಳು.

ಹಿಂದೆ ಇಷ್ಟು ಇಕ್ಕಟ್ಟಿರಲಿಲ್ಲ. 2021ರಲ್ಲಿ 9 ಇನ್ನಿಂಗ್ಸ್ ಪಂದ್ಯಕ್ಕೆ ಸರಾಸರಿ 3 ಗಂಟೆ 10 ನಿಮಿಷ ಹಿಡಿಯುತ್ತಿತ್ತು. 2023ರಲ್ಲಿ ಅದು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆ ಅರ್ಧ ಗಂಟೆ ಬಹುಪಾಲು ಕಡಿಮೆಯಾದದ್ದು ಎಸೆತಗಳ ನಡುವಿನ ಬಿಡುವಿನಲ್ಲಿ, ಹರಟೆಗೆ ಜಾಗ ಇದ್ದದ್ದೂ ಅಲ್ಲೇ. ಆದರೂ ಬೇಸ್‌ಬಾಲ್‌ನಲ್ಲಿ ಮಾತು ಪೂರ್ತಿ ಒಣಗದಿರಲು ಕಾರಣವಿದೆ. ನಮ್ಮ ಟಿವಿ ಕ್ರಿಕೆಟ್‌ನಲ್ಲಿ ಆರು ಎಸೆತ ಆದ ಕೂಡಲೇ ಜಾಹೀರಾತು ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಅರ್ಧ ಇನ್ನಿಂಗ್ಸ್ (ಒಂದು ತಂಡದ ಮೂವರು ಔಟ್ ಆಗುವವರೆಗಿನ ಸರದಿ) ಮುಗಿದ ಮೇಲೆ, ಇಲ್ಲವೇ ಪಿಚರ್ ಬದಲಾದಾಗ ಮಾತ್ರ. ಅರ್ಧ ಇನ್ನಿಂಗ್ಸ್ ಐದು ನಿಮಿಷದಲ್ಲೂ ಮುಗಿಯಬಹುದು, ಇಪ್ಪತ್ತೈದು ನಿಮಿಷ ಎಳೆಯಲೂಬಹುದು. ಅಷ್ಟು ಹೊತ್ತು ಇಬ್ಬರು ಬರೀ ಬಾಲ್-ಸ್ಟ್ರೈಕ್ ಎಣಿಸುತ್ತಿದ್ದರೆ ಯಾರೂ ಕೇಳಲಾರರು.

ಉದ್ದದ ಕಥೆಯನ್ನು ಈ ತುಣುಕು ಬಿಡುವುಗಳಲ್ಲಿ ಹೇಳುವುದಕ್ಕೆ ವಿನ್ ಸ್ಕಲ್ಲಿ ಅವರೇ ಮಾದರಿ. 1950ರಿಂದ 2016ರವರೆಗೆ, 67 ಸೀಸನ್, ಡಾಡ್ಜರ್ಸ್ ತಂಡದ ಪಂದ್ಯಗಳನ್ನು ವಿವರಿಸಿದವರು ಅವರು. ಟಿವಿಯಲ್ಲಿ ಹೆಚ್ಚಾಗಿ ಒಬ್ಬರೇ ಕೂತು ಮಾತಾಡುತ್ತಿದ್ದರು. ಕಥೆಯ ಮಧ್ಯೆ ಎಸೆತ ಬಂದರೆ ಕಥೆ ನಿಲ್ಲಿಸಿ, ಬಾಲ್-ಸ್ಟ್ರೈಕ್‌ಗಳ ಎಣಿಕೆ ಹೇಳಿ, ಬಿಟ್ಟ ಜಾಗದಿಂದಲೇ ಮುಂದುವರಿಸುವುದು ಅವರ ಕ್ರಮ. ಕಥೆಯ ಪ್ರತಿ ವಾಕ್ಯವೂ ತನ್ನಷ್ಟಕ್ಕೆ ಮುಗಿಯುವಂತಿದ್ದರೆ ಮಾತ್ರ ಹೀಗೆ ತುಂಡರಿಸಲು ಆಗುತ್ತದೆ. ಇದನ್ನು ಯಾರು ಬೇಕಾದರೂ ಅಭ್ಯಾಸ ಮಾಡಬಹುದು.

ಇನ್ನು ಪಂದ್ಯದ ಘಟ್ಟ. ಯಾವ ಕ್ಷಣ ಎಷ್ಟು ನಿರ್ಣಾಯಕ ಎಂದು ಅಳೆಯಲು ಅಂಕಿಅಂಶದವರ ಬಳಿ ಲೆವರೇಜ್ ಇಂಡೆಕ್ಸ್ ಎಂಬ ಅಳತೆಯಿದೆ. ಸ್ಕೋರು, ಇನ್ನಿಂಗ್ಸ್, ಔಟ್‌ಗಳ ಸಂಖ್ಯೆ, ಓಟಗಾರರು ಎಲ್ಲಿದ್ದಾರೆ ಎಂಬುದನ್ನೆಲ್ಲ ಸೇರಿಸಿ ಸರಾಸರಿ ಸನ್ನಿವೇಶಕ್ಕೆ 1 ಎಂದು ಅಂಕ ಕೊಡುತ್ತದೆ. ಪಂದ್ಯಗಳ ಸುಮಾರು ಶೇ. 60ರಷ್ಟು ಸನ್ನಿವೇಶಗಳು 1ಕ್ಕಿಂತ ಕೆಳಗಿರುತ್ತವೆ, 2 ದಾಟುವುದು ಶೇ. 10ರಷ್ಟು ಮಾತ್ರ. ತಮಾಷೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು. ಮೂರನೇ ಇನ್ನಿಂಗ್ಸ್, ಎಂಟು ರನ್ ಅಂತರ, ಬೇಸ್ ಖಾಲಿ: ಧಾರಾಳವಾಗಿ ನಗಬಹುದು. ಒಂಬತ್ತನೇ ಇನ್ನಿಂಗ್ಸ್, ಒಂದೇ ರನ್ ಅಂತರ, ಇಬ್ಬರು ಔಟ್, ಎರಡನೇ ಬೇಸ್ ಮೇಲೆ ಓಟಗಾರ: ಒಂದು ನಗೆಮಾತೂ ಹೆಚ್ಚೇ. ರೇಗುತ್ತದೆ ಎಂದಿದ್ದೀರಲ್ಲ, ಅದು ಹೆಚ್ಚಾಗಿ ಈ ಎರಡನೆಯ ಬಗೆಯ ಸನ್ನಿವೇಶದಲ್ಲೇ ಇರಬೇಕು. ಮುಂದಿನ ಸಲ ಸ್ಕೋರ್‌ಪಟ್ಟಿ ಗಮನಿಸಿ.

ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ, 1988ರ ಮೊದಲ ಪಂದ್ಯದಲ್ಲಿ ಓಕ್ಲೆಂಡ್ 4-3 ಮುಂದಿತ್ತು. ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್, ಕಾಲಿಗೆ ಗಾಯವಾಗಿದ್ದ ಕರ್ಕ್ ಗಿಬ್ಸನ್ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು ಡಾಡ್ಜರ್ಸ್ ತಂಡವನ್ನು ಗೆಲ್ಲಿಸಿದರು. ಎನ್‌ಬಿಸಿ ವಾಹಿನಿಯ ಕಾಮೆಂಟ್ರಿ ಬೂತ್‌ನಲ್ಲಿ ಸ್ಕಲ್ಲಿ ಅವರ ಪಕ್ಕದಲ್ಲಿದ್ದವರು ಜೋ ಗ್ಯಾರಜಿಯೋಲಾ, ಹಾಸ್ಯಕ್ಕೇ ಹೆಸರಾದ ಮಾಜಿ ಕ್ಯಾಚರ್ (ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವ ಆಟಗಾರ). ಚೆಂಡು ಸ್ಟ್ಯಾಂಡಿಗೆ ಬಿದ್ದ ಮೇಲೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಇಬ್ಬರೂ ತುಟಿ ಬಿಚ್ಚಲಿಲ್ಲ. ಬರೀ ಜನರ ಕೂಗು. ಟಿವಿಯಲ್ಲಿ ಇದು ಸಾಧ್ಯ, ಯಾಕೆಂದರೆ ಚಿತ್ರ ತಾನೇ ಮಾತಾಡುತ್ತಿರುತ್ತದೆ. ಚಿತ್ರವಿರುವುದರಿಂದಲೇ ಬೇರೆ ಹೊತ್ತಿನಲ್ಲಿ ಟಿವಿಯವರಿಗೆ ರೇಡಿಯೊದವರಿಗಿಂತ ಹೆಚ್ಚು ಹರಟಲು ಸ್ವಾತಂತ್ರ್ಯ. ರೇಡಿಯೊದಲ್ಲಿ ಎಣಿಕೆ ಹೇಳದೆ ಬಿಟ್ಟರೆ ಕೇಳುಗನಿಗೆ ಆಟವೇ ಕಾಣುವುದಿಲ್ಲ.

ಮೂರನೆಯ ಸಂಗತಿಯೇ ನಿಜವಾಗಿ ಸೂಕ್ಷ್ಮ. ತನ್ನನ್ನೇ ಗುರಿ ಮಾಡಿಕೊಂಡ ನಗು ಎಂದೂ ಕೆಡುವುದಿಲ್ಲ. 1971ರಿಂದ 2024ರವರೆಗೆ ಮಿಲ್ವಾಕಿ ಬ್ರೂವರ್ಸ್‌ನ ಧ್ವನಿಯಾಗಿದ್ದ, ಎಬಿಸಿ ಟಿವಿಯಲ್ಲೂ ದೇಶಕ್ಕೆಲ್ಲ ಪರಿಚಿತರಾದ ಬಾಬ್ ಯೂಕರ್ ಅವರ ಬ್ಯಾಟಿಂಗ್ ಸರಾಸರಿ ಬರೀ .200, ಅಂದರೆ ಐದು ಸಲಕ್ಕೆ ಒಂದೇ ಹಿಟ್. ಅದನ್ನೇ ಅವರು ಜೀವನಪೂರ್ತಿ ಆಡಿಕೊಂಡರು. ನಕಲ್‌ಬಾಲ್ (ಗಾಳಿಯಲ್ಲಿ ಓಲಾಡುತ್ತಾ ಬರುವ ನಿಧಾನ ಎಸೆತ) ಹಿಡಿಯಬೇಕಾದರೆ ಅದು ಉರುಳಿ ನಿಲ್ಲುವವರೆಗೆ ಕಾದು ಎತ್ತಿಕೊಳ್ಳಬೇಕು ಎಂಬ ಅವರ ಮಾತು ಪ್ರಸಿದ್ಧ. 1967ರಲ್ಲಿ ಫಿಲ್ ನೀಕ್ರೊ ಅವರ ನಕಲ್‌ಬಾಲ್‌ಗಳಿಗೆ ಕ್ಯಾಚರ್ ಆಗಿ ಲೀಗ್‌ನಲ್ಲೇ ಅತಿ ಹೆಚ್ಚು ಎಸೆತ ಕೈಬಿಟ್ಟವರು ಅವರೇ. ಆ ಒಂದು ನಗೆಮಾತಿನಿಂದ ನಕಲ್‌ಬಾಲ್ ಎಷ್ಟು ಚಂಚಲ ಎಂಬುದು ಹೊಸ ಪ್ರೇಕ್ಷಕನಿಗೂ ತಿಳಿಯುತ್ತದೆ. ನಗಿಸುತ್ತಲೇ ಕಲಿಸುವ ಇಂಥ ಮಾತು ಎಷ್ಟಿದ್ದರೂ ಬೇಡವೆನಿಸುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಜೈಂಟ್ಸ್ ತಂಡದ ಪಂದ್ಯ ನೋಡುವವರಿಗೆ ಡ್ವೇನ್ ಕೈಪರ್ ಮತ್ತು ಮೈಕ್ ಕ್ರೂಕೋ ಎಂಬ ಕಾಮೆಂಟೇಟರ್ ಜೋಡಿ ಗೊತ್ತು. ಕೈಪರ್ ಆಡಿದ ಅಷ್ಟೂ ವರ್ಷಗಳಲ್ಲಿ ಹೊಡೆದದ್ದು ಒಂದೇ ಹೋಮ್ ರನ್, 1977ರಲ್ಲಿ. ಆ ಚೆಂಡು ಎಸೆದಿದ್ದ ಸ್ಟೀವ್ ಸ್ಟೋನ್ ಕೂಡ ಮುಂದೆ ಕಾಮೆಂಟೇಟರ್ ಆದರು. ಇದು ಜೈಂಟ್ಸ್ ಮನೆಗಳಲ್ಲಿ ಹಳೆಯ ನಗು. ವರ್ಷಕ್ಕೆ 162 ಪಂದ್ಯ, ಅದರಲ್ಲಿ ಎಷ್ಟೋ ಅದೇ ಇಬ್ಬರ ದನಿಯಲ್ಲಿ ಕೇಳುವವರಿಗೆ ಅವರು ಮನೆಯವರಂತೆ ಆಗಿಬಿಡುತ್ತಾರೆ. ಅದೇ ಮಾತು ವರ್ಲ್ಡ್ ಸೀರೀಸ್‌ನ ರಾಷ್ಟ್ರೀಯ ಪ್ರಸಾರದಲ್ಲಿ ಬಂದರೆ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಸ್ಥಳೀಯ ವಾಹಿನಿಯಲ್ಲಿ ಸಲಿಗೆ ಹೆಚ್ಚು, ರಾಷ್ಟ್ರೀಯ ಪ್ರಸಾರದಲ್ಲಿ ಬಿಗಿ ಹೆಚ್ಚು ಇರುವುದು ಇದಕ್ಕೇ.

ಗುರಿ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. 2021ರ ಆಗಸ್ಟ್‌ನಲ್ಲಿ ಜಪಾನಿನ ಶೋಹೆ ಒಟಾನಿ ಬ್ಯಾಟಿಂಗ್‌ಗೆ ಬಂದಾಗ ಡೆಟ್ರಾಯಿಟ್‌ನ ಪ್ರಸಾರದಲ್ಲಿ ಜ್ಯಾಕ್ ಮೋರಿಸ್ ಉಚ್ಚಾರಣೆ ತಿರುಚಿ ಅಣಕವೆನಿಸುವಂತೆ ಮಾತಾಡಿದರು. ಅದೇ ಪಂದ್ಯದಲ್ಲಿ ಕ್ಷಮೆ ಕೇಳಿದರೂ ವಾಹಿನಿ ಅವರನ್ನು ಅಮಾನತು ಮಾಡಿತು. 2015ರಲ್ಲಿ ಅರಿಜೋನಾದ ಪಂದ್ಯವೊಂದರಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಕಾಲೇಜು ಹುಡುಗಿಯರನ್ನು ಕ್ಯಾಮೆರಾ ಹಿಡಿದೇ ಇತ್ತು, ಕಾಮೆಂಟೇಟರ್‌ಗಳು ಆಡಿಕೊಳ್ಳುತ್ತಲೇ ಇದ್ದರು. ದೇಶವೆಲ್ಲ ಟೀಕೆ ಬಂತು. ಎರಡರಲ್ಲೂ ದೋಷ ಒಂದೇ: ನಗೆಗೆ ಗುರಿಯಾದವರ ಕೈಯಲ್ಲಿ ಮೈಕ್ ಇರಲಿಲ್ಲ.

ಸೆಲ್ಫಿ ಪ್ರಕರಣದಲ್ಲಿ ತಪ್ಪು ಕಾಮೆಂಟೇಟರ್‌ಗಳದ್ದು ಮಾತ್ರವಲ್ಲ. ಯಾವ ಚಿತ್ರ ತೆರೆಗೆ ಬರಬೇಕು, ಎಷ್ಟು ಹೊತ್ತು ಇರಬೇಕು ಎನ್ನುವುದು ಹೊರಗೆ ನಿಂತ ಪ್ರಸಾರ ವ್ಯಾನ್‌ನಲ್ಲಿ ಕೂತ ನಿರ್ದೇಶಕರ ಕೈಯಲ್ಲಿರುತ್ತದೆ. ಟಿವಿ ಹಾಸ್ಯ ಮುಕ್ಕಾಲು ಪಾಲು ಅಲ್ಲೇ ಹುಟ್ಟುತ್ತದೆ. 2007ರಲ್ಲಿ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಫೌಲ್ ಬಾಲ್ (ಗೆರೆಯಾಚೆ ಹೋದ ಹೊಡೆತ) ಬಂದಾಗ ಪ್ರೇಕ್ಷಕನೊಬ್ಬ ಇನ್ನೊಬ್ಬನಿಗೆ ಪಿಜ್ಜಾ ತುಂಡು ಎಸೆದ. ನಿರ್ದೇಶಕರು ಅದನ್ನು ಮತ್ತೆ ಮತ್ತೆ ತೋರಿಸಿದರು, ಕಾಮೆಂಟೇಟರ್ ಜೆರ್ರಿ ರೆಮಿ ಗಂಭೀರ ವಿಶ್ಲೇಷಣೆ ಮಾಡಿದರು, ಅವರ ಜೊತೆಗಾರ ಡಾನ್ ಒರ್ಸಿಲೊ ನಕ್ಕು ನಕ್ಕು ಮಾತೇ ಹೊರಡದಂತಾದರು. ಫೌಲ್ ಬಾಲ್ ಆದ್ದರಿಂದ ಆಟದಲ್ಲಿ ಯಾವುದೂ ತಪ್ಪಿಹೋಗಲಿಲ್ಲ. ಬೂತ್‌ನಲ್ಲಿ ಒಂದು ಕಟ್ಟುನಿಟ್ಟು ಮಾತ್ರ ಬೇಕು: ಒಬ್ಬರಿಗೆ ನಗು ತಡೆಯಲಾಗದಿದ್ದರೆ ಇನ್ನೊಬ್ಬರ ಕಣ್ಣು ಪಿಚರ್ ಮೇಲಿರಬೇಕು. ಇಬ್ಬರೂ ಒಟ್ಟಿಗೆ ನಕ್ಕರೆ ಓಟಗಾರ ಬೇಸ್ ಕದ್ದದ್ದು (ಎಸೆತದ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿದ್ದು) ಯಾರ ಬಾಯಲ್ಲೂ ಬರುವುದಿಲ್ಲ.

ನಿಮ್ಮ ಲಿಟಲ್ ಲೀಗ್ ಲೈವ್‌ಗೆ ಬಂದರೆ, ಅಲ್ಲಿ ಪಿಚ್ ಕ್ಲಾಕ್ ಇಲ್ಲ, ಬಿಡುವು ಹೆಚ್ಚು, ಮಾತು ಜಾರುವ ಅಪಾಯವೂ ಹೆಚ್ಚು. ಪಂದ್ಯಕ್ಕೆ ಮುಂಚೆ ಎರಡೂ ತಂಡದ ಮಕ್ಕಳ ಹೆಸರನ್ನು ಹೇಗೆ ಹೇಳಬೇಕೆಂದು ಕೋಚ್‌ಗಳನ್ನು ಕೇಳಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ, ಹೆಸರಿನ ಮೇಲೆ ತಮಾಷೆ ಬೇಡವೇ ಬೇಡ. ಚೆಂಡು ಕೈಬಿಟ್ಟ ಮಗುವಿನ ಬಗ್ಗೆ ಒಂದೇ ವಾಕ್ಯ: ಚೆಂಡು ಎಲ್ಲಿಗೆ ಹೋಯಿತು, ಓಟಗಾರ ಎಲ್ಲಿಗೆ ತಲುಪಿದ. ಅಳುವ ಮಗುವಿನತ್ತ ಕ್ಯಾಮೆರಾ ತಿರುಗಿದರೆ ಮೈಕ್ ಮುಚ್ಚಿ, ಕ್ಯಾಮೆರಾ ಹಿಡಿದವರಿಗೆ ಸ್ಕೋರ್‌ಬೋರ್ಡ್ ತೋರಿಸಲು ಹೇಳಿ. ನಗಲು ಬೇರೆ ಸರಕು ಬೇಕಾದಷ್ಟಿದೆ: ಮೈದಾನಕ್ಕೆ ನುಗ್ಗಿದ ನಾಯಿ, ಗಾಳಿಗೆ ಹಾರಿದ ಟೋಪಿ, ಅಂಪೈರ್‌ಗಿಂತ ಮೊದಲೇ ತೀರ್ಪು ಕೂಗುವ ನಿಮ್ಮದೇ ದನಿ. ಕೊನೆಯ, ಅಂದರೆ ಆರನೇ ಇನ್ನಿಂಗ್ಸ್‌ನಲ್ಲಿ ಸ್ಕೋರು ಸಮವಾದರೆ ಅದನ್ನೂ ನಿಲ್ಲಿಸಿ ಎಣಿಕೆ ಹೇಳುತ್ತಾ ಹೋಗಿ.