ನುಡಿ ಕಾಣೆಯಾದರೆ ಕತೆಗಳು ಹಾಳಾಗುತ್ತವೆಯೇ?

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಅವರು ಕನ್ನಡ ಟೈಪ್ ಮಾಡುತ್ತಿದ್ದುದು 'ನುಡಿ' ಎಂಬ ತಂತ್ರಾಂಶದಲ್ಲಿ. "ಕಂಪ್ಯೂಟರಲ್ಲಿ ನುಡಿ ಇಲ್ಲಪ್ಪ. ನಾನು ಬರೆದಿಟ್ಟ ಕತೆಗಳೂ ಹಾಳಾಗಿವೆ. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ." ದನಿ ನಡುಗುತ್ತಿತ್ತು. "ಸರ್, ಏನನ್ನೂ ಸೇವ್ ಮಾಡಬೇಡಿ, ಡಿಲೀಟ್ ಮಾಡಬೇಡಿ. ಹಾಗೇ ಬಿಟ್ಟಿರಿ, ಬರ್ತೀನಿ" ಎಂದೆ.

ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದು ಆಸ್ಕಿ ಪಠ್ಯ. ಫೈಲಿನೊಳಗೆ ಇರುವುದೇ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವನ್ನು ಕನ್ನಡವಾಗಿ ತೋರಿಸುವುದು ನುಡಿಯ ಫಾಂಟ್. ಫಾಂಟ್ ಹೋದರೆ ಒಳಗಿದ್ದದ್ದು ಹಾಗೇ ಕಾಣುತ್ತದೆ, ಅಷ್ಟೇ. ಫೈಲ್ ಕೆಟ್ಟಿರುವುದಿಲ್ಲ. ಗಾಬರಿಯಲ್ಲಿ ಇಡೀ ಪಠ್ಯಕ್ಕೆ ಬೇರೊಂದು ಫಾಂಟ್ ಹಾಕಿ ಸೇವ್ ಮಾಡಿದರೆ ಮಾತ್ರ ಕಷ್ಟ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಯಾವುದು ಯಾವುದು ಎಂದು ಗುರುತಿಸುವ ಸುಳಿವೇ ಅಳಿಸಿಹೋಗುತ್ತದೆ.

ಅವರ ಮನೆಯಲ್ಲಿ ಮೊದಲು ಸ್ಟಾರ್ಟ್ ಒತ್ತಿ ನುಡಿಯ ಹೆಸರು ಟೈಪ್ ಮಾಡಿದೆ. ಸಿಗಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಪ್ಸ್ ಪಟ್ಟಿ ನೋಡಿದೆ. ಅಲ್ಲೂ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಹೆಚ್ಚಾಗಿ ಹೋಗಿರುವುದು ಶಾರ್ಟ್‌ಕಟ್ ಮಾತ್ರ, ಅಂದರೆ ಪ್ರೋಗ್ರಾಮ್ ತೆರೆಯಲು ಒತ್ತುವ ಚಿತ್ರ. 2023ರ ಜನವರಿ 13ರಂದು ಹೀಗೇ ಆಗಿತ್ತು. ವೈರಸ್ ತಡೆಯುವ ಮೈಕ್ರೋಸಾಫ್ಟ್ ಡಿಫೆಂಡರ್‌ನ ಒಂದು ಅಪ್‌ಡೇಟ್ ಅನೇಕ ಕಚೇರಿಗಳ ಕಂಪ್ಯೂಟರುಗಳಲ್ಲಿ ಶಾರ್ಟ್‌ಕಟ್‌ಗಳನ್ನು ಅಳಿಸಿಹಾಕಿತು. ಪ್ರೋಗ್ರಾಮ್‌ಗಳು ಇದ್ದಲ್ಲೇ ಇದ್ದವು.

ಮೇಷ್ಟ್ರ ಡೆಸ್ಕ್‌ಟಾಪ್ ಮೂಲೆಯಲ್ಲಿ 'ರಿಮೂವ್ಡ್ ಆಪ್ಸ್' ಎಂಬ ಫೈಲ್ ಇತ್ತು. ಅವರು ಅದನ್ನು ತೆರೆದೇ ಇರಲಿಲ್ಲ. ವಿಂಡೋಸ್ ರೀಸೆಟ್ ಆದಾಗ, ಅಂದರೆ ಅದನ್ನು ಹೊಸದಾಗಿ ಮತ್ತೆ ಹಾಕಿದಾಗ, ತೆಗೆದುಹಾಕಿದ ಪ್ರೋಗ್ರಾಮ್‌ಗಳ ಪಟ್ಟಿಯನ್ನು ಅದೇ ಬರೆದಿಟ್ಟುಹೋಗುತ್ತದೆ. ಕೇಳಿದರೆ, ಕಂಪ್ಯೂಟರ್ ನಿಧಾನ ಎಂದು ಹಿಂದಿನ ವಾರ ರಿಪೇರಿಗೆ ಕೊಟ್ಟಿದ್ದರಂತೆ. 'ಕೀಪ್ ಮೈ ಫೈಲ್ಸ್' ಆರಿಸಿ ರೀಸೆಟ್ ಮಾಡಿದ್ದಾರೆ. ಫೈಲ್ ಉಳಿಯುತ್ತವೆ, ನಿಜ. ಆದರೆ ನಾವು ಹಾಕಿಕೊಂಡ ಪ್ರೋಗ್ರಾಮ್, ಫಾಂಟ್ ಉಳಿಯುವುದಿಲ್ಲ. ರಿಪೇರಿಗೆ ಕೊಡುವಾಗ "ರೀಸೆಟ್ ಮಾಡ್ತೀರಾ?" ಎಂದು ಕೇಳಿ, ದಯವಿಟ್ಟು.

ರೀಸೆಟ್ ಆಗಿಲ್ಲವೆಂದರೆ ಇನ್ನೆರಡು ಕಡೆ ನೋಡಿ. ವಿಂಡೋಸ್ ಸೆಕ್ಯೂರಿಟಿಯ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ, ಯಾವುದಾದರೂ ಪ್ರೋಗ್ರಾಮನ್ನು ವೈರಸ್ ಎಂದು ಶಂಕಿಸಿ ಪಕ್ಕಕ್ಕಿಟ್ಟಿದ್ದರೆ ಗೊತ್ತಾಗುತ್ತದೆ. ಖಚಿತವಾದ ಮೂಲದಿಂದ ಬಂದದ್ದಾದರೆ ಮಾತ್ರ ವಾಪಸ್ ತನ್ನಿ. ಆಮೇಲೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರ್. ಅಲ್ಲಿ 'ಟೆಂಪ್' ಎಂಬ ಹೆಸರು ಕಂಡು, ಡೆಸ್ಕ್‌ಟಾಪ್ ಖಾಲಿಯಾಗಿದ್ದರೆ, ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಖಾತೆಯಲ್ಲಿ ಕೂರಿಸಿರಬಹುದು. ಆಗ ಅಲ್ಲಿ ಏನೂ ಸೇವ್ ಮಾಡಬೇಡಿ. ಸೈನ್ ಔಟ್ ಆದೊಡನೆ ಹೋಗಿಬಿಡುತ್ತದೆ. ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಎಷ್ಟೋ ಸಲ ಹಳೆಯ ಖಾತೆ ಮರಳುತ್ತದೆ.

ನುಡಿ ಸಿದ್ಧಪಡಿಸಿದ್ದು ಕನ್ನಡ ಗಣಕ ಪರಿಷತ್ತು. ಗೂಗಲ್‌ನಲ್ಲಿ ಮೊದಲು ಸಿಕ್ಕ ಯಾವುದೋ ತಾಣದಿಂದ ಇಳಿಸಿಕೊಳ್ಳುವುದು ಬೇಡ. ನಂಬುವ ಮೂಲದಿಂದ ತಂದು ಹಾಕಿದೆ. ಫೈಲ್ ತೆರೆದೆ. ಕತೆ ಬಂತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆದರೂ ಮುಂದಿನ ರೀಸೆಟ್‌ಗೆ ಇದೇ ಕತೆ ಅಲ್ವಾ? ಅದಕ್ಕೇ ಹೊಸದನ್ನು ಯೂನಿಕೋಡ್‌ನಲ್ಲಿ ಬರೆಯಲು ಹೇಳಿದೆ. ಅದರಲ್ಲಿ ಫೈಲಿನೊಳಗೆ ಇರುವುದೇ ಕನ್ನಡ ಅಕ್ಷರ, ನುಡಿಯ ಫಾಂಟ್ ಬೇಕಿಲ್ಲ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತಿದರೆ ಕನ್ನಡ ಮೂಡಿಸುವ ಕನ್ನಡ ಫೊನೆಟಿಕ್ ಕೀಬೋರ್ಡ್ ವಿಂಡೋಸ್ ಜೊತೆಗೇ ಇದೆ. ಹಳೆಯ ಕತೆಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡುತ್ತಿದ್ದೇವೆ, ಮೂಲ ಫೈಲನ್ನು ಮುಟ್ಟದೆ. ಪರಿವರ್ತಿಸುವಾಗ ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ. ಮೇಷ್ಟ್ರು ಒಂದೊಂದು ಸಾಲನ್ನೂ ಓದಿ ತಿದ್ದುತ್ತಿದ್ದಾರೆ. ನಿನ್ನೆಗೆ ಮೂರು ಕತೆ ಮುಗಿದು, ಪೆನ್‌ಡ್ರೈವಿಗೂ ಒಂದು ಪ್ರತಿ ಹೋಗಿದೆ.