ಟ್ಯಾಂಕ್ ಓಡಿತು, ಪೆಟ್ರೋಲ್ ಹಿಂದೆ ಉಳಿಯಿತು

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ನಡೆಸಿದ ಮಿಂಚಿನ ದಾಳಿಯ (ಬ್ಲಿಟ್ಸ್‌ಕ್ರೀಗ್) ಬೇರು ಟ್ಯಾಂಕಿನಲ್ಲಿಲ್ಲ, ಮೊದಲ ಮಹಾಯುದ್ಧದ ಕಂದಕದಲ್ಲಿದೆ. 1918ರ ಮಾರ್ಚ್ 21ರಂದು ಫ್ರಾನ್ಸಿನಲ್ಲಿ ಶುರುವಾದ ಜರ್ಮನ್ ದಾಳಿಯಲ್ಲಿ ಮುಂದೆ ಹೊರಟ ಸಣ್ಣ ತುಕಡಿಗಳ ಕೈಯಲ್ಲಿ ಹಗುರ ಮಷಿನ್‌ಗನ್, ಗ್ರೆನೇಡ್, ಬೆಂಕಿ ಉಗುಳುವ ಯಂತ್ರ ಇದ್ದವು. ಶತ್ರು ಗಟ್ಟಿಯಾಗಿ ನಿಂತ ಕಡೆ ಅವರು ಸಿಕ್ಕಿಕೊಳ್ಳುತ್ತಿರಲಿಲ್ಲ. ಸಡಿಲ ಜಾಗ ಹುಡುಕಿ ಒಳನುಗ್ಗುತ್ತಿದ್ದರು, ಉಳಿದದ್ದು ಹಿಂದೆ ಬರುವವರ ಪಾಲು. ಎರಡು ವಾರಗಳಲ್ಲಿ ಕೆಲವೆಡೆ ಸುಮಾರು 60 ಕಿ.ಮೀ. ಮುನ್ನಡೆದು ನಿಂತುಬಿಟ್ಟರು. ಫಿರಂಗಿಯನ್ನೂ ಮದ್ದುಗುಂಡನ್ನೂ ಕುದುರೆಗಳು ಗುಂಡಿಬಿದ್ದ ನೆಲದಲ್ಲಿ ಎಳೆದು ತರಬೇಕಿತ್ತು. ಎದುರಾಳಿಗೆ ಹೊಸ ಪಡೆ ರೈಲಿನಲ್ಲಿ ಬರುತ್ತಿತ್ತು.

ಜರ್ಮನಿ ಸೋತ ಮೇಲೆ ವರ್ಸೇಲ್ಸ್ ಒಪ್ಪಂದ ಅದರ ಸೇನೆಯನ್ನು 1 ಲಕ್ಷಕ್ಕೆ ಇಳಿಸಿ ಟ್ಯಾಂಕನ್ನು ನಿಷೇಧಿಸಿತು. ಕಾರಿಗೆ ನಕಲಿ ಟ್ಯಾಂಕಿನ ಹೊದಿಕೆ ಕಟ್ಟಿ ಕವಾಯತು ನಡೆಸಿದರು. ನಿಜವಾದ ತರಬೇತಿ 1929ರಿಂದ 1933ರವರೆಗೆ ಸೋವಿಯತ್ ನೆಲದಲ್ಲಿ, ಕಜಾನ್ ಬಳಿಯ ಕಾಮಾ ಶಾಲೆಯಲ್ಲಿ ಗುಟ್ಟಾಗಿ ಸಾಗಿತು.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಟ್ಯಾಂಕಿನೊಳಗಿನ ರೇಡಿಯೊ. ಜರ್ಮನ್ ಟ್ಯಾಂಕ್ ಪಡೆ ಕಟ್ಟಿದವರಲ್ಲಿ ಮುಖ್ಯನಾದ ಸೇನಾಧಿಕಾರಿ ಹೈನ್ಸ್ ಗುಡೇರಿಯನ್ ಮೊದಲ ಮಹಾಯುದ್ಧದಲ್ಲಿ ರೇಡಿಯೊ ಕೇಂದ್ರ ನಡೆಸಿದ್ದವರು. ಜರ್ಮನ್ ಟ್ಯಾಂಕ್ ಪ್ಯಾಂಜರ್ 3ರಲ್ಲಿ ಐದು ಜನ: ಕಮಾಂಡರ್, ಗುರಿಕಾರ, ಗುಂಡು ತುಂಬುವವ, ಚಾಲಕ, ರೇಡಿಯೊ ನಿರ್ವಾಹಕ. ಕಮಾಂಡರ್‌ಗೆ ನೋಡುವುದು, ಆದೇಶ ಕೊಡುವುದು ಇಷ್ಟೇ ಕೆಲಸ. ಫ್ರಾನ್ಸಿನ ಸೊಮುವಾ ಟ್ಯಾಂಕಿನ ಉಕ್ಕು, ತೋಪು ಎರಡೂ ಉತ್ತಮ. ಆದರೆ ಗೋಪುರದಲ್ಲಿ ಒಬ್ಬನೇ ನೋಡಬೇಕು, ಗುರಿಯಿಟ್ಟು ಹಾರಿಸಬೇಕು, ಆದೇಶವನ್ನೂ ಕೊಡಬೇಕು. ಸುತ್ತ ಏನಾಗುತ್ತಿದೆ ಎಂದು ತಿಳಿಯುವ ಹೊತ್ತಿಗೆ ಪರಿಸ್ಥಿತಿ ಬದಲಾಗಿರುತ್ತಿತ್ತು.

1935ರ ಅಕ್ಟೋಬರ್ 15ರಂದು ಮೂರು ಪ್ಯಾಂಜರ್ ಡಿವಿಜನ್‌ಗಳು, ಅಂದರೆ ಟ್ಯಾಂಕ್ ಮುಖ್ಯವಾದ ದೊಡ್ಡ ಸೇನಾ ಘಟಕಗಳು, ಹುಟ್ಟಿದವು. ಟ್ಯಾಂಕಿನ ಜೊತೆ ಲಾರಿ ಏರಿದ ಪದಾತಿ, ಫಿರಂಗಿ, ಇಂಜಿನಿಯರ್, ಸಿಗ್ನಲ್ಸ್ (ಸಂಪರ್ಕ ಪಡೆ) ಎಲ್ಲವೂ ಒಂದೇ ವೇಗದಲ್ಲಿ ಸಾಗಬೇಕೆಂಬುದು ಅದರ ಲೆಕ್ಕ. 1940ರಲ್ಲಿ ಫ್ರಾನ್ಸಿನ ಮೇಲೆ ದಾಳಿಯಾದಾಗ, ಮೇ 13ರಂದು ಅಲ್ಲಿನ ಸೆಡಾನ್ ಪಟ್ಟಣದಲ್ಲಿ ಮ್ಯೂಸ್ ನದಿಯನ್ನು ಮೊದಲು ದಾಟಿದ್ದು ಟ್ಯಾಂಕಲ್ಲ, ರಬ್ಬರ್ ದೋಣಿಯಲ್ಲಿ ಪದಾತಿ. ಮೇಲಿನಿಂದ ವಿಮಾನಗಳು ಫ್ರೆಂಚ್ ಫಿರಂಗಿಗಳನ್ನು ಅದುಮಿ ಹಿಡಿದಿದ್ದವು. ರಾತ್ರಿ ಇಂಜಿನಿಯರುಗಳು ಸೇತುವೆ ಕಟ್ಟಿದ ಮೇಲೆ ಟ್ಯಾಂಕು ದಾಟಿತು. ಮೇ 20ಕ್ಕೆ ಕಡಲತೀರದ ಸಮೀಪದ ಆಬ್ವಿಲ್ ತಲುಪಿತು.

ಬಹುಪಾಲು ಜರ್ಮನ್ ಡಿವಿಜನ್‌ಗಳು ಆಗಲೂ ನಡೆದು ಬರುತ್ತಿದ್ದವು, ಸಾಮಾನು ಕುದುರೆಗಾಡಿಯಲ್ಲಿ. ಹಾಗಾಗಿ ಮುಂದಿನ ಟ್ಯಾಂಕಿಗೂ ಹಿಂದಿನ ಪದಾತಿಗೂ ನಡುವೆ ಕಂದರ ಬೀಳುತ್ತಿತ್ತು. ಫ್ರಾನ್ಸಿನ ದೂರ ಕಡಿಮೆ, ರಸ್ತೆ ಚೆನ್ನ, ಅದು ತೊಂದರೆ ಕೊಡಲಿಲ್ಲ. 1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದಾಗ ಕಷ್ಟ ಶುರುವಾಯಿತು. ಅಲ್ಲಿನ ರೈಲು ಹಳಿಯ ಅಗಲ 1,524 ಮಿ.ಮೀ., ಜರ್ಮನಿಯದು 1,435. ಹಳಿ ಕಿತ್ತು ಸರಿಸುವವರೆಗೂ ಪೆಟ್ರೋಲು ದೂಳಿನ ರಸ್ತೆಯಲ್ಲಿ ಲಾರಿಯಲ್ಲೇ ಬರಬೇಕಿತ್ತು.