ಮುಚ್ಚಿದ ಕಾರಿನೊಳಗಿನ ಗಾಳಿ

2020ರ ಅಕ್ಟೋಬರ್ 4, ಭಾನುವಾರ ಸಂಜೆ. ವಾಷಿಂಗ್ಟನ್ ಪಕ್ಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯ ಗೇಟಿನ ಹೊರಗೆ ಬಾವುಟ ಹಿಡಿದು ಜನ ನಿಂತಿದ್ದರು. ಒಳಗೆ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕೋವಿಡ್‌ಗೆ ಚಿಕಿತ್ಸೆ ಪಡೆಯುತ್ತಿದ್ದರು. ಚುನಾವಣೆಗೆ ಸರಿಯಾಗಿ 30 ದಿನ ಬಾಕಿ ಇತ್ತು. ಅಷ್ಟರಲ್ಲಿ ಕಪ್ಪು ಕಾರುಗಳ ಸಾಲು ಹೊರಗೆ ಬಂತು. ಒಂದು ಕಾರಿನ ಹಿಂದಿನ ಸೀಟಿನಲ್ಲಿ ಮಾಸ್ಕ್ ಹಾಕಿಕೊಂಡು ಕೂತಿದ್ದ ಟ್ರಂಪ್, ಗಾಜಿನ ಒಳಗಿನಿಂದಲೇ ಕೈ ಬೀಸಿದರು. ಜನ ಖುಷಿಯಿಂದ ಕೂಗಿದರು. ಸ್ವಲ್ಪ ಹೊತ್ತಿಗೆ ಕಾರು ಆಸ್ಪತ್ರೆಗೆ ವಾಪಸ್ಸಾಯಿತು.

ಆ ವಿಡಿಯೊ ನೋಡಿದಾಗಲೆಲ್ಲ ನನ್ನ ಕಣ್ಣು ಮುಂದಿನ ಸೀಟಿಗೆ ಹೋಗುತ್ತದೆ. ಅಲ್ಲಿ ಕಾವಲು ಪಡೆಯ ಇಬ್ಬರು ಕೂತಿದ್ದಾರೆ. ಅವರೂ ಮಾಸ್ಕ್ ಹಾಕಿದ್ದಾರೆ. ಕಿಟಕಿ ಮಾತ್ರ ಮುಚ್ಚಿದೆ.

ಅಂದು ಹೆಚ್ಚು ಸಿಟ್ಟು ಬಂದದ್ದು ವೈದ್ಯರಿಗೆ. ಅದೇ ಆಸ್ಪತ್ರೆಯಲ್ಲೂ ಕೆಲಸ ಮಾಡುತ್ತಿದ್ದ ಡಾ. ಜೇಮ್ಸ್ ಫಿಲಿಪ್ಸ್ ಟ್ವಿಟರ್‌ನಲ್ಲಿ ಬಹಿರಂಗವಾಗಿಯೇ ಬರೆದರು. ಅಧ್ಯಕ್ಷರ ಕಾರು ಗುಂಡು ತಡೆಯುವುದಷ್ಟೇ ಅಲ್ಲ, ವಿಷಾನಿಲದ ದಾಳಿ ಆದರೂ ಒಳಗೆ ಗಾಳಿ ಬಾರದ ಹಾಗೆ ಮುಚ್ಚಿರುತ್ತದೆ. ಅದರಲ್ಲಿ ಸೋಂಕು ಹರಡುವ ಅಪಾಯ ತುಂಬ ಜಾಸ್ತಿ. ಒಳಗಿದ್ದ ಪ್ರತಿಯೊಬ್ಬರೂ 14 ದಿನ ಕ್ವಾರಂಟೈನ್‌ನಲ್ಲಿ ಇರಬೇಕು ಅಂತ ಅವರು ಹೇಳಿದರು. ಬೇಕಾದ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡೇ ಹೋಗಿದ್ದೇವೆ ಎಂಬುದು ಶ್ವೇತಭವನದ ಉತ್ತರ.

ಮುಚ್ಚಿದ ಕಾರು ಅಂದರೆ ಯಾಕೆ ಅಷ್ಟು ಭಯ? ದೇವರ ಕೋಣೆಯ ಬಾಗಿಲು ಹಾಕಿ ಒಂದು ಊದುಬತ್ತಿ ಹಚ್ಚಿ ನೋಡಿ. ಹೊಗೆ ಎದ್ದ ಜಾಗದಲ್ಲೇ ನಿಲ್ಲುವುದಿಲ್ಲ. ನಿಧಾನವಾಗಿ ಮೂಲೆ ಮೂಲೆಗೂ ತುಂಬುತ್ತದೆ. ಬತ್ತಿ ಆರಿದ ಮೇಲೂ ಎಷ್ಟೋ ಹೊತ್ತು ಉಳಿಯುತ್ತದೆ. ನಾವು ಉಸಿರು ಬಿಡುವಾಗ, ಮಾತಾಡುವಾಗ ಹೊರಬರುವ ಅತಿ ಸಣ್ಣ ಹನಿಗಳ ಕಥೆಯೂ ಹೀಗೇ. ದೊಡ್ಡ ಹನಿ ಬೇಗ ಕೆಳಗೆ ಬೀಳುತ್ತದೆ. ಸಣ್ಣವು ತೇಲುತ್ತಲೇ ಇರುತ್ತವೆ. ತೋಟದಲ್ಲಿ ನಿಂತಿದ್ದರೆ ಗಾಳಿ ಅವನ್ನು ಚದುರಿಸಿಬಿಡುತ್ತದೆ. ಕಾರಿನೊಳಗೆ ಅವು ಹೋಗುವುದಾದರೂ ಎಲ್ಲಿಗೆ? ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳಬೇಕು. ಅದರ ಮೇಲೆ ಇನ್ನೊಂದು ವಿಷಯ. ರೋಗದ ಲಕ್ಷಣ ಶುರುವಾಗುವ ಹಿಂದುಮುಂದಿನ ದಿನಗಳಲ್ಲೇ ಗಂಟಲಲ್ಲಿ ವೈರಸ್ ತುಂಬ ಹೆಚ್ಚಿರುತ್ತದೆ. ಟ್ರಂಪ್ ತಮಗೆ ಸೋಂಕು ತಗುಲಿದೆ ಅಂತ ಟ್ವೀಟ್ ಮಾಡಿದ್ದು ಅಕ್ಟೋಬರ್ 2ರ ನಸುಕಿನಲ್ಲಿ. ಕಾರಿನ ಸುತ್ತಾಟ ಆದದ್ದು ಮೂರನೇ ದಿನ.

ಮರುದಿನ, ಅಕ್ಟೋಬರ್ 5ರ ಸಂಜೆ, ಅವರು ಶ್ವೇತಭವನಕ್ಕೆ ಮರಳಿದರು. ಮಹಡಿಯ ಬಾಲ್ಕನಿಯಲ್ಲಿ ನಿಂತು ಮಾಸ್ಕ್ ತೆಗೆದು ಜೇಬಿಗೆ ಹಾಕಿಕೊಂಡರು. ಅದೇ ದಿನ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಮಾರ್ಗಸೂಚಿಯನ್ನು ತಿದ್ದಿತು. ಮುಚ್ಚಿದ, ಗಾಳಿಯಾಡದ ಜಾಗಗಳಲ್ಲಿ ಈ ವೈರಸ್ ಗಾಳಿಯಲ್ಲಿ ತೇಲಿಕೊಂಡೂ ಹರಡಬಹುದು ಎಂದು ಒಪ್ಪಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಇಂಥದ್ದೇ ಮಾತನ್ನು ಪ್ರಕಟಿಸಿ, ಮೂರು ದಿನಕ್ಕೆ ವಾಪಸ್ ಪಡೆದಿತ್ತು. ಒಂದೇ ದಿನ, ಒಂದೇ ಸರ್ಕಾರ. ಜನ ಯಾವುದನ್ನು ನೋಡಿದರು? ಬಾಲ್ಕನಿಯನ್ನು.

ಹೀಗೆ ನೋಡಿದವರ ಪ್ರತಿಕ್ರಿಯೆ ಒಂದೇ ಥರ ಇರಲಿಲ್ಲ. ಸೋಂಕಿನ ಸುದ್ದಿ ಬಂದ ದಿನ ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ಜನ ಎಲ್ಲಕ್ಕಿಂತ ಹೆಚ್ಚಾಗಿ ಹುಡುಕಿದ ಪದ 'ಶಾಡೆನ್‌ಫ್ರಾಯ್ಡ'. ಇನ್ನೊಬ್ಬರ ಕಷ್ಟ ಕಂಡು ಆಗುವ ಸಂತೋಷಕ್ಕೆ ಜರ್ಮನ್ನರು ಇಟ್ಟ ಹೆಸರು ಅದು. ಮೂರೇ ದಿನದ ಹಿಂದೆ, ಸೆಪ್ಟೆಂಬರ್ 29ರಂದು, ಕ್ಲೀವ್‌ಲ್ಯಾಂಡಿನ ಚರ್ಚೆಯಲ್ಲಿ ಟ್ರಂಪ್ ಎದುರಾಳಿ ಜೋ ಬೈಡನ್‌ರ ದೊಡ್ಡ ಮಾಸ್ಕನ್ನು ಗೇಲಿ ಮಾಡಿದ್ದರು. ಹಾಗಾಗಿ 'ಮಾಡಿದ್ದುಣ್ಣೋ ಮಹರಾಯ' ಅನ್ನುವ ಭಾವ ಎಷ್ಟೋ ಜನರಿಗೆ ಬಂತು. ಅಧ್ಯಕ್ಷರು ಸಾಯಲಿ ಅಂತ ಬಯಸುವ ಪೋಸ್ಟ್‌ಗಳನ್ನು ತೆಗೆದುಹಾಕುತ್ತೇವೆ ಎಂದು ಟ್ವಿಟರ್ ಹೇಳಬೇಕಾಯಿತು.

ಈ ಸಂತೋಷದ ಬಗ್ಗೆ ಒಂದು ಪ್ರಯೋಗ ಇದೆ. 2006ರಲ್ಲಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು ಅದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 32 ಜನ ಇಬ್ಬರ ಜೊತೆ ಹಣದ ಆಟ ಆಡಿದರು. ಆ ಇಬ್ಬರೂ ವಿಜ್ಞಾನಿಗಳ ಕಡೆಯವರು. ಒಬ್ಬರು ಪ್ರಾಮಾಣಿಕವಾಗಿ ಆಡಿದರು, ಇನ್ನೊಬ್ಬರು ಮೋಸ ಮಾಡಿದರು. ಆಮೇಲೆ ಈ ಇಬ್ಬರ ಕೈಗೂ ನೋವಾಗುವ ಹಾಗೆ ಚಿಕ್ಕ ಶಾಕ್ ಕೊಟ್ಟರು. ಅದನ್ನು ನೋಡುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಪ್ರಾಮಾಣಿಕರಿಗೆ ನೋವಾದಾಗ, ನೋಡುವವರ ಮಿದುಳಿನಲ್ಲೂ ನೋವಿಗೆ ಸಂಬಂಧಪಟ್ಟ ಭಾಗಗಳು ಚುರುಕಾದವು. ಮೋಸಗಾರರಿಗೆ ನೋವಾದಾಗ ಗಂಡಸರಲ್ಲಿ ಆ ಮರುಕ ಬಹಳ ಇಳಿಯಿತು. ಅದರ ಬದಲು ಬಹುಮಾನ ಸಿಕ್ಕಾಗ ಮಿಡಿಯುವ ಭಾಗ ಮಿಡಿಯಿತು. ಹೆಂಗಸರಲ್ಲಿ ಮರುಕ ಅಷ್ಟಾಗಿ ತಗ್ಗಲಿಲ್ಲ. ಸಣ್ಣ ಪ್ರಯೋಗ, ನಿಜ. ಆದರೂ ನಮ್ಮ ಮರುಕಕ್ಕೆ ನ್ಯಾಯ ಅನ್ಯಾಯದ ಲೆಕ್ಕ ಅಂಟಿಕೊಂಡೇ ಇರುತ್ತದೆ ಅಂತ ಅದು ತೋರಿಸಿತು.

ಇಲ್ಲಿ ಒಂದು ತಪ್ಪು ನುಸುಳುತ್ತದೆ. ರೋಗವನ್ನು ತೀರ್ಪು ಅಂತ ಓದುವ ತಪ್ಪು. ವಿರೋಧಿಗಳು 'ತಕ್ಕ ಶಾಸ್ತಿ ಆಯಿತು' ಅಂದರು. ಅಭಿಮಾನಿಗಳು 'ಗಂಡೆದೆಯವರು, ಗೆದ್ದು ಬಂದರು' ಅಂದರು. ಎರಡೂ ಮಾತಿನಲ್ಲಿ ರೋಗ ಅನ್ನುವುದು ಒಬ್ಬ ಮನುಷ್ಯನ ಗುಣದ ಪರೀಕ್ಷೆ. ವೈರಸ್‌ಗೆ ಗುಣ ಗೊತ್ತಿಲ್ಲ. ಎಷ್ಟು ಹೊತ್ತು, ಎಷ್ಟು ಹತ್ತಿರ, ಎಂಥ ಗಾಳಿ, ಇಷ್ಟೇ ಅದರ ಲೆಕ್ಕ.

'ಗೆದ್ದರು' ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಸ್ಪತ್ರೆಯಿಂದ ಹೊರಡುವ ಮೊದಲು ಟ್ರಂಪ್ 'ಕೋವಿಡ್‌ಗೆ ಹೆದರಬೇಡಿ' ಎಂದು ಟ್ವೀಟ್ ಮಾಡಿದರು. ಅಷ್ಟರೊಳಗೆ ಅಮೆರಿಕದಲ್ಲಿ 2 ಲಕ್ಷಕ್ಕೂ ಜಾಸ್ತಿ ಜನ ಸತ್ತಿದ್ದರು. ಅವರ ಮನೆಯವರಿಗೆ ಆ ಸಾಲು ಹೇಗೆ ಕೇಳಿಸಿರಬೇಕು, ಯೋಚಿಸಿ. ಟ್ರಂಪ್‌ಗೆ ರಿಜೆನೆರಾನ್ ಕಂಪನಿಯ ಪ್ರತಿಕಾಯಗಳ ಮಿಶ್ರಣವನ್ನು 8 ಗ್ರಾಂ ಕೊಟ್ಟಿದ್ದರು. ಆಗ ಆ ಔಷಧಕ್ಕೆ ತುರ್ತು ಬಳಕೆಯ ಅನುಮತಿಯೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ನವೆಂಬರ್ 21ಕ್ಕೆ. ಜೊತೆಗೆ ರೆಮ್‌ಡೆಸಿವಿರ್, ಡೆಕ್ಸಾಮೆಥಸೋನ್, ಆಮ್ಲಜನಕ. ಡೆಕ್ಸಾಮೆಥಸೋನ್ ತೀರಾ ಅಗ್ಗದ ಹಳೇ ಔಷಧ. ಬ್ರಿಟನ್ನಿನ 'ರಿಕವರಿ' ಎಂಬ ಔಷಧ ಪ್ರಯೋಗದಲ್ಲಿ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಅದು ಮೂರನೇ ಒಂದು ಭಾಗದಷ್ಟು ತಗ್ಗಿಸಿತ್ತು. ಆಮ್ಲಜನಕವೇ ಬೇಡದವರಿಗೆ ಅದರಿಂದ ಪ್ರಯೋಜನ ಕಂಡಿರಲಿಲ್ಲ. ಅದಕ್ಕೇ, ಅದನ್ನು ಕೊಟ್ಟಿದ್ದಾರೆ ಅಂತ ಕೇಳಿದ ಕೂಡಲೇ ಹೊರಗಿನ ವೈದ್ಯರಿಗೆ ಕಾಯಿಲೆ ಹಗುರದ್ದಲ್ಲ ಅನ್ನಿಸಿತು. ಆಸ್ಪತ್ರೆಯ ಬೆಡ್ ಸಿಗದೆ ಅಲೆದವರಿಗೆ ಈ ಗೆಲುವಿನ ಕಥೆಯಿಂದ ಏನು ಗೊತ್ತಾಗುತ್ತದೆ?

ಆ ವಾರದ ಎಬಿಸಿ-ಇಪ್ಸೋಸ್ ಸಮೀಕ್ಷೆಯಲ್ಲಿ 72 ಶೇಕಡಾ ಅಮೆರಿಕನ್ನರು, ಸೋಂಕಿನ ಅಪಾಯವನ್ನು ಅಧ್ಯಕ್ಷರು ಸರಿಯಾಗಿ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಅಂದರು. ಆದರೆ ಸಿಟ್ಟು ಬೇರೆ, ವೋಟು ಬೇರೆ. ನವೆಂಬರ್ 3ರ ಚುನಾವಣೆಯಲ್ಲಿ ಬೈಡನ್ 8 ಕೋಟಿ 10 ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಟ್ರಂಪ್‌ಗೂ 7 ಕೋಟಿ 40 ಲಕ್ಷ ದಾಟಿ ಬಂತು. 2016ರಲ್ಲಿ ಬಂದದ್ದಕ್ಕಿಂತ ಸುಮಾರು 1 ಕೋಟಿ 10 ಲಕ್ಷ ಜಾಸ್ತಿ. ಯಾರನ್ನು ನಂಬಬೇಕು ಅಂತ ಮೊದಲೇ ತೀರ್ಮಾನಿಸಿದವರಿಗೆ ಬಾಲ್ಕನಿಯ ಅದೇ ದೃಶ್ಯ ಎರಡು ಬೇರೆ ಬೇರೆ ದೃಶ್ಯವಾಗಿ ಕಂಡಿತು.

ಅಕ್ಟೋಬರ್ 12ಕ್ಕೇ ಟ್ರಂಪ್ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಮತ್ತೆ ಪ್ರಚಾರಸಭೆ ಶುರು ಮಾಡಿದರು. ಒಂದಾದ ಮೇಲೊಂದು ಊರು, ವಿಮಾನ, ಜನಸಾಗರ. ಪ್ರತಿ ಊರಿಗೂ ಕಾವಲು ಪಡೆಯವರು ಮೊದಲೇ ಹೋಗಿ, ಗೇಟಿನಲ್ಲಿ ನಿಂತು, ಜನರನ್ನು ತಪಾಸಣೆ ಮಾಡಿ ಒಳಗೆ ಬಿಡಬೇಕು. 'ನಾಳೆಯಿಂದ ಬರಲ್ಲ' ಅನ್ನುವ ಹಾಗಿಲ್ಲ, ಅಲ್ವಾ? ನವೆಂಬರ್ ಮಧ್ಯಕ್ಕೆ ಆ ಪಡೆಯ 130ಕ್ಕೂ ಹೆಚ್ಚು ಮಂದಿ ಸೋಂಕಿನಿಂದಲೋ, ಸೋಂಕಿತರ ಹತ್ತಿರ ಇದ್ದದ್ದರಿಂದಲೋ ಕೆಲಸ ಬಿಟ್ಟು ಬೇರೆಯಾಗಿ ಇರಬೇಕಾಗಿದೆ ಎಂದು ವರದಿ ಬಂತು. ಮುಂದೆ ಹೊರಬಂದ ದಾಖಲೆಗಳ ಪ್ರಕಾರ, 2020ರ ಮಾರ್ಚ್‌ನಿಂದ ಒಂದು ವರ್ಷದಲ್ಲಿ ಆ ಪಡೆಯ 881 ನೌಕರರಿಗೆ ಕೋವಿಡ್ ತಗುಲಿತ್ತು. ಯಾರಿಗೆ ಎಲ್ಲಿ ತಗುಲಿತು ಅಂತ ಆ ಲೆಕ್ಕದಲ್ಲಿ ಇಲ್ಲ. ಅವರ ಬಾಲ್ಕನಿಗಳ ಚಿತ್ರವನ್ನು ಯಾರೂ ತೆಗೆಯಲಿಲ್ಲ.